ನಾಲ್ಕು ಸುತ್ತಿಗೆ ಸುಸ್ತಾಗುತ್ತಿದ್ದ ಎಂಜಿನ್

ನಾನು ಜೋಡಿಸಿದ ಎಂಜಿನ್ ನಾಲ್ಕು ಸುತ್ತು ಹುಚ್ಚೆದ್ದು ಓಡಿ ಆಮೇಲೆ ಸುಸ್ತಾಗಿಬಿಡುತ್ತಿತ್ತು. ಯಾಕೆ ಅಂತ ಹುಡುಕುವುದು ನನ್ನ ಕೆಲಸ. ಅದಕ್ಕೇ ಓದಿದ್ದೆ, ಅದಕ್ಕೇ ಸಂಬಳ ಬರುತ್ತಿತ್ತು. ಆದರೆ ಮಾಲೀಕರು ತಪ್ಪನ್ನು ಹುಡುಕಿದ್ದು ಎಂಜಿನ್ನಿನಲ್ಲಲ್ಲ, ನನ್ನ ಮೈಯಲ್ಲಿ. ಇದನ್ನು ಸಿಟ್ಟಿಲ್ಲದೆ ಬರೆಯಬೇಕು ಅಂದುಕೊಂಡೇ ಕೂತೆ. ಆಗುವುದಿಲ್ಲ ಅಂತ ಇಷ್ಟರಲ್ಲೇ ಗೊತ್ತಾಯಿತು.

ಎರಡು ಸಾವಿರದ ನಂತರದ ವರ್ಷಗಳು. ನಮ್ಮ ಮನೆ ಜರಗನಹಳ್ಳಿಯಲ್ಲಿ, ಸಾಲು ಮನೆಗಳ ಒಂದು ವಠಾರದಲ್ಲಿ. ಅಪ್ಪ ಗಾರೆ ಕೆಲಸದವರು. ಜೆ.ಪಿ. ನಗರದ ಎಷ್ಟೋ ಮನೆಗಳ ಗೋಡೆ ಅವರು ಕಟ್ಟಿದ್ದು. ಗೃಹಪ್ರವೇಶದ ಊಟಕ್ಕೆ ಕರೆದವರು ಕಡಿಮೆ. ಅಮ್ಮ ಮನೆಯಲ್ಲೇ ಕೂತು ಅಗರಬತ್ತಿ ಹೊಸೆಯುತ್ತಿದ್ದಳು. ನಮ್ಮ ಕಡೆ ಹೈಸ್ಕೂಲು ದಾಟಿದವರೇ ಇರಲಿಲ್ಲ. ನಾನು ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮುಗಿಸಿ, ಅಲ್ಲಿಂದ ನೇರ ಎರಡನೇ ವರ್ಷದ ಬಿ.ಇ.ಗೆ ಸೇರಿ, ಮೆಕ್ಯಾನಿಕಲ್ ತೆಗೆದುಕೊಂಡು ಪಾಸಾದೆ. ಯಾರೂ ಕೈಹಿಡಿದು ನಡೆಸಲಿಲ್ಲ. ಹೆಮ್ಮೆಯಿಂದಲೇ ಹೇಳುತ್ತೇನೆ. ಇದನ್ನು ಮೆಲ್ಲಗೆ ಹೇಳಬೇಕು ಅನ್ನುವವರು ನಾನು ಓದುವಾಗ ಒಂದು ದಿನವೂ ನಮ್ಮ ಮನೆಗೆ ಬಂದವರಲ್ಲ.

ಪಾಸಾದ ಮೇಲೆ ಗೊತ್ತಾಯಿತು, ಕಾರ್ಖಾನೆಗಳಿಗೆ ಮೆಕ್ಯಾನಿಕಲ್ ಓದಿದ ಹುಡುಗಿ ಬೇಡ ಅಂತ. ಒಂದು ಕಡೆ ಕೇಳಿದರು, 'ಶಾಪ್ ಫ್ಲೋರಲ್ಲಿ ಹೆಂಗಮ್ಮಾ ನಿಲ್ತೀಯಾ?' 'ಕಾಲ ಮೇಲೆ ಸಾರ್,' ಅಂದೆ. ಕೆಲಸ ಸಿಗಲಿಲ್ಲ.

ಸಿಕ್ಕಿದ್ದು ಗೋ-ಕಾರ್ಟ್, ಅಂದರೆ ನೆಲಕ್ಕಂಟಿದಂತೆ ಓಡುವ ಪುಟ್ಟ ರೇಸ್ ಗಾಡಿಗಳ ಶೆಡ್ಡಿನಲ್ಲಿ. ಮಾಲೀಕರಿಗೆ ಟೈಲ್ಸ್ ಅಂಗಡಿ ಇತ್ತು, ಜಯನಗರದಲ್ಲಿ ಹಳೆಯ ಮನೆ ಇತ್ತು. ಕನಕಪುರ ರಸ್ತೆಯ ಆಚೆ ಒಂದು ಸಣ್ಣ ಟ್ರ್ಯಾಕ್ ಮಾಡಿ, ಟಿಕೆಟ್ ಕೊಟ್ಟು ಕಾರ್ಟ್ ಓಡಿಸಲು ಬಿಡುತ್ತಿದ್ದರು. ಅದು ವ್ಯಾಪಾರ. ಅದರ ಪಕ್ಕದ ಶೆಡ್ಡಿನಲ್ಲಿ ಇನ್ನೊಂದು ಕಾರ್ಟ್ ಇತ್ತು, ಅದು ಆಸೆ. ನಿಜವಾದ ರೇಸಿನ ಕಾರ್ಟ್, ಅವರ ಅಕ್ಕನ ಮಗ ಓಡಿಸಲಿ ಅಂತ ತರಿಸಿದ್ದು. ನೆಲದಿಂದ ನಾಲ್ಕು ಬೆರಳು ಮೇಲೆ ಕೂರುವ ಸೀಟು, ಬೆನ್ನ ಪಕ್ಕದಲ್ಲಿ ಒಂದೇ ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್. ನೋಡಲು ಹಳೆಯ ಸ್ಕೂಟರಿನದರಷ್ಟೇ ಸಣ್ಣದು, ಆದರೆ ಅದರ ಎರಡರಷ್ಟು ವೇಗದಲ್ಲಿ ತಿರುಗುವಂಥದು. ಅದನ್ನು ಪೂರ್ತಿ ಬಿಚ್ಚಿ, ಪಿಸ್ಟನ್ ರಿಂಗು, ಸೀಲು, ಬೇರಿಂಗು ಎಲ್ಲ ಹೊಸದು ಹಾಕಿ ಕಟ್ಟಿದ್ದು ನಾನು. ಶೆಡ್ಡಿನಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದರು, ಕುಮಾರಸ್ವಾಮಿ ಲೇಔಟಿನವರು, ಸ್ಕೂಟರ್ ರಿಪೇರಿಯಿಂದ ಬಂದವರು. ನಾನು ಅಣ್ಣ ಅನ್ನುತ್ತಿದ್ದೆ, ಅವರು ನನ್ನನ್ನು 'ಇಂಜಿನಿಯರಮ್ಮ' ಅನ್ನುತ್ತಿದ್ದರು, ಅರ್ಧ ಪ್ರೀತಿ, ಅರ್ಧ ಕುಚೋದ್ಯ.

ದಸರೆ ಕಳೆದ ಹತ್ತೇ ದಿನಕ್ಕೆ ರೇಸ್ ಇತ್ತು. ಅದಕ್ಕೆ ಮುಂಚೆ ಶೆಡ್ಡಿನಲ್ಲಿ ಆಯುಧಪೂಜೆ. ಮಾಲೀಕರ ಅಕ್ಕ, ಅಂದರೆ ಡ್ರೈವರ್ ಹುಡುಗನ ತಾಯಿ, ರೇಷ್ಮೆ ಸೀರೆ ಉಟ್ಟು ಬೆಳ್ಳಿ ಬಟ್ಟಲಲ್ಲಿ ಗಂಧ ತೇಯ್ದುಕೊಂಡು ಬಂದರು. ನಾನು ಹಿಂದಿನ ದಿನವೇ ಕಾರ್ಟನ್ನು ಓಡಿಸಿ ನೋಡಿ, ಸರಿಯಿದೆ ಅಂತ ಕಂಡ ಮೇಲೆ ತೊಳೆದು ಒರೆಸಿ ಇಟ್ಟಿದ್ದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

'ಹೊರಗಡೆ ಇಲ್ಲ ತಾನೆ ನೀನು?'

ಮುಟ್ಟಾಗಿಲ್ಲ ತಾನೆ ಅಂತ ಅದರ ಅರ್ಥ. ಕೇಳಿದ್ದು ಅಣ್ಣನ ಎದುರಿಗೆ, ಮಾಲೀಕರ ಎದುರಿಗೆ, ಟಿಕೆಟ್ ಕೌಂಟರಿನವನ ಎದುರಿಗೆ. ಗಂಡಸರೆಲ್ಲ ತಟಕ್ಕನೆ ಮಾವಿನ ತೋರಣ ನೋಡತೊಡಗಿದರು.

'ಇಲ್ಲ ಮೇಡಂ,' ಅಂದೆ.

'ಆದ್ರೂ ಸ್ವಲ್ಪ ಆ ಕಡೇನೇ ನಿಂತ್ಕೊಳಮ್ಮ. ಯಾಕೆ ಸುಮ್ನೆ.'

ಶಟರಿನ ಹತ್ತಿರ ನಿಂತೆ. ಪ್ರತಿಯೊಂದು ನಟ್ಟನ್ನೂ ನಾನು ಬಿಗಿದಿದ್ದ ಎಂಜಿನ್ನಿಗೆ ಅಲ್ಲಿ ಮಂಗಳಾರತಿ ಆಯಿತು. ಆಕೆ ತುಂಬ ಶ್ರದ್ಧೆಯ ಹೆಂಗಸು. ಸ್ಟೀರಿಂಗು, ಚಕ್ರ, ಸೀಟು, ಸೈಲೆನ್ಸರು, ಕಡೆಗೆ ಸ್ಪ್ಯಾನರುಗಳಿಗೂ ಒಂದೊಂದು ಬೊಟ್ಟು ಇಟ್ಟರು. ದೇವರ ಜೊತೆ ನನಗೆ ಜಗಳವಿಲ್ಲ. ನಮ್ಮ ಮನೆಯಲ್ಲೂ ಅಪ್ಪನ ಗಾರೆಯ ಕರಣೆ, ತೂಗುಗುಂಡು ಎರಡಕ್ಕೂ ಅಂದು ಪೂಜೆ. ಆದರೆ ನಮ್ಮ ಮನೆಯಲ್ಲಿ ಕರಣೆ ಹಿಡಿಯುವವರನ್ನು ಬಾಗಿಲಲ್ಲಿ ನಿಲ್ಲಿಸಿ ಕರಣೆಗೆ ಪೂಜೆ ಮಾಡುವುದಿಲ್ಲ.

ಹಬ್ಬ ಮುಗಿದು ಮೊದಲ ಪ್ರ್ಯಾಕ್ಟೀಸಿಗೆ ಕಾರ್ಟ್ ಇಳಿಯಿತು. ಹಗ್ಗ ಎಳೆದ ಕೂಡಲೇ ಸ್ಟಾರ್ಟ್. ಮೊದಲ ಸುತ್ತುಗಳ ಶಬ್ದ ಕೇಳಿ ಅಣ್ಣ ನನ್ನ ಕಡೆ ನೋಡಿ ತಲೆಯಾಡಿಸಿದರು. ಆಮೇಲೆ ಉದ್ದನೆಯ ನೇರ ದಾರಿಯ ಕೊನೆಯಲ್ಲಿ ಶಬ್ದ ಬದಲಾಯಿತು. ಪೂರ್ತಿ ಆಕ್ಸಿಲರೇಟರ್ ಒತ್ತಿದ್ದರೂ ಎಂಜಿನ್ ಮೇಲಕ್ಕೆ ಏರಲಿಲ್ಲ. ಮರುಸುತ್ತಿಗೆ ಇನ್ನೂ ಕೆಟ್ಟಿತು. ಹುಡುಗ ಕಾರ್ಟ್ ತಂದು ನಿಲ್ಲಿಸಿ ಹೆಲ್ಮೆಟ್ ತೆಗೆದ.

'ಅಕ್ಕ, ಸ್ಟ್ರೇಟಲ್ಲಿ ಯಾರೋ ಹಿಂದಿಂದ ಕಾಲರ್ ಹಿಡ್ದು ಎಳೆದಂಗಾಗತ್ತೆ.'

ಒಳ್ಳೆಯ ಹುಡುಗ ಅವನು. ಅವನ ಮೇಲೆ ನನಗೆ ಸಿಟ್ಟಿಲ್ಲ.

ನೋಡಿದೆವು, ಮತ್ತೆ ಸ್ಟಾರ್ಟ್ ಮಾಡಿದೆವು. ಏನೂ ಆಗಿಲ್ಲವೆಂಬಂತೆ ಓಡಿತು. ನಾಲ್ಕು ಸುತ್ತಿನ ನಂತರ ಮತ್ತೆ ಅದೇ ಕಥೆ.

ಶಕ್ತಿ ಕಡಿಮೆಯಾದ ಎಂಜಿನ್ನನ್ನು ನೋಡುವುದಕ್ಕೆ ಒಂದು ಕ್ರಮವಿದೆ. ಮೊದಲು, ಹೋಗುತ್ತಿರುವುದು ಎಂಜಿನ್ನಿನ ಶಕ್ತಿಯೋ, ಅಥವಾ ಎಂಜಿನ್ ಕೊಟ್ಟ ಶಕ್ತಿಯನ್ನು ದಾರಿಯಲ್ಲಿ ಇನ್ಯಾವುದೋ ತಿನ್ನುತ್ತಿದೆಯೋ ನೋಡಬೇಕು. ಕಾರ್ಟನ್ನು ಎತ್ತಿ ಹಿಂದಿನ ಚಕ್ರ ತಿರುಗಿಸಿದೆ. ಸಲೀಸಾಗಿ ತಿರುಗಿತು, ಬ್ರೇಕ್ ಹಿಡಿದಿರಲಿಲ್ಲ. ಚೈನ್ ಬಿಗಿ ಸರಿಯಾಗಿತ್ತು. ಕ್ಲಚ್ ಜಾರುತ್ತಿದ್ದರೆ ಎಂಜಿನ್ ಕೂಗುತ್ತದೆ, ಗಾಡಿ ಹೋಗುವುದಿಲ್ಲ. ಇಲ್ಲಿ ಎಂಜಿನ್ನೇ ಕೂಗುತ್ತಿರಲಿಲ್ಲ. ಹಾಗಾದರೆ ತೊಂದರೆ ಎಂಜಿನ್ನಿನಲ್ಲೇ. ಸಿಲಿಂಡರಿನ ಒತ್ತಡ, ಅಂದರೆ ಕಂಪ್ರೆಷನ್ ನೋಡಿದೆ, ಚೆನ್ನಾಗಿತ್ತು. ಸೈಲೆನ್ಸರಿನಲ್ಲಿ ಕರಿ ಕಟ್ಟಿರಲಿಲ್ಲ. ಏರ್ ಫಿಲ್ಟರ್ ಸ್ವಚ್ಛ. ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಸರಿಯಾಗಿ ಉರಿಯುವ ಎಂಜಿನ್ನಿನ ಪ್ಲಗ್ ತುದಿ ಕಾಫಿಪುಡಿಯ ಬಣ್ಣಕ್ಕಿರುತ್ತದೆ. ಇದು ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಅಂದರೆ ಒಳಗೆ ಗಾಳಿ ಹೆಚ್ಚಾಗುತ್ತಿದೆ ಅಥವಾ ಪೆಟ್ರೋಲು ಸಾಲುತ್ತಿಲ್ಲ.

ಎರಡೂ ಅಪಾಯವೇ. ಟೂ ಸ್ಟ್ರೋಕಿನಲ್ಲಿ ಎಣ್ಣೆ ಬೆರೆತಿರುವುದೇ ಪೆಟ್ರೋಲಿನಲ್ಲಿ. ಪೆಟ್ರೋಲು ಸಾಲದಿದ್ದರೆ ಎಣ್ಣೆಯೂ ಸಾಲದು. ಬಿಸಿಯೇರಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡರೆ ಎಂಜಿನ್ ಮುಗಿಯಿತು.

ಕಾರ್ಬುರೇಟರ್ ಬಿಚ್ಚಿ ಊದಿ ಕಟ್ಟಿದೆ. ಪೆಟ್ರೋಲು ಹೆಚ್ಚು ಬಿಡುವ ದೊಡ್ಡ ಜೆಟ್ ಹಾಕಿದೆ. ಗಾಳಿ ಎಲ್ಲಾದರೂ ಸೋರುತ್ತಿದೆಯೇ ಅಂತ ಜೋಡಣೆಗಳ ಮೇಲೆಲ್ಲ ಸೋಪು ನೀರು ಹಚ್ಚಿ ನೋಡಿದೆ. ಪೆಟ್ರೋಲ್ ಪಂಪ್ ಬದಲಾಯಿಸಿದೆ. ಪ್ರತಿ ಸಲವೂ ಅಷ್ಟೇ: ನಾಲ್ಕು ಸುತ್ತು ಮೆರವಣಿಗೆ, ಐದನೆಯದಕ್ಕೆ ಸೂತಕ.

'ಇಂಜಿನಿಯರಮ್ಮ, ನಿಮ್ ಪುಸ್ತಕದಲ್ಲಿ ಇದ್ಕೆ ಏನಂತಾರೆ?' ಅಣ್ಣ ಕೇಳಿದರು.

'ಪುಸ್ತಕದಲ್ಲಿ, ಪಕ್ಕದಲ್ಲಿ ನಿಂತು ತಮಾಷೆ ಮಾಡೋರನ್ನ ಮೊದ್ಲು ಕಳಿಸಿ ಅಂತ ಬರ್ದಿದೆ ಅಣ್ಣ.'

'ಹಂಗಾದ್ರೆ ಟೀ ತರ್ತೀನಿ,' ಅಂತ ನಕ್ಕು ಹೋದರು.

ಮರುದಿನ ಮಾಲೀಕರು ಅಕ್ಕನನ್ನು ಕರೆದುಕೊಂಡೇ ಬಂದರು. ಆಕೆ ಕಾರಿನಿಂದ ಇಳಿಯಲಿಲ್ಲ. ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದರು. ಪಕ್ಕ ಅಂದರೆ, ಅಣ್ಣನಿಗೂ ಹುಡುಗನಿಗೂ ಸ್ಪಷ್ಟವಾಗಿ ಕೇಳುವಷ್ಟು ಪಕ್ಕ.

'ನೋಡಮ್ಮಾ, ನಂಗೆ ಇದ್ರಲ್ಲೆಲ್ಲ ನಂಬಿಕೆ ಇಲ್ಲ. ಆದ್ರೆ ದೊಡ್ಡೋರು ಹೇಳೋದ್ರಲ್ಲೂ ಏನೋ ಇರತ್ತೆ. ಪೂಜೆಗೆ ಮುಂಚೆ ಚೆನ್ನಾಗಿತ್ತು, ಪೂಜೆ ಆದ್ಮೇಲೆ ಹಿಂಗಾಗಿದೆ. ಅವತ್ತು ನೀನು... ಅಂದ್ರೆ, ಸರಿಯಾಗಿಯೇ ಇದ್ಯಾ?'

ನಾನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ.

'ಬೇಜಾರ್ ಮಾಡ್ಕೋಬೇಡ. ಕೆಲವರ ಕೈಗುಣ ಕೆಲವಕ್ಕೆ ಆಗಿಬರಲ್ಲ, ಅಷ್ಟೆ. ಇಂಜಿನ್ನ ಕೊಯಮತ್ತೂರಿಗೆ ಕಳಿಸ್ಬಿಡ್ತೀನಿ, ಅಲ್ಲೊಬ್ರು ಇದಾರೆ. ನೀನು ನಾಳೆಯಿಂದ ಟಿಕೆಟ್ ಕೌಂಟರಲ್ಲಿ ಕೂತ್ಕೋ. ಸಂಬಳ ಏನೂ ಕಮ್ಮಿ ಮಾಡಲ್ಲ.'

ಕೈಗುಣ. ಬಿಳಿಚಿದ ಪ್ಲಗ್ ಅವರ ಕಣ್ಣೆದುರಿಗೆ ಬೆಂಚಿನ ಮೇಲಿತ್ತು. ಟೈಲ್ಸ್ ಒಡೆದು ಬಂದರೆ ಲಾರಿ ನೋಡುತ್ತಾರೆ, ಪ್ಯಾಕಿಂಗ್ ನೋಡುತ್ತಾರೆ. ಲಾರಿ ಡ್ರೈವರನ ಮೈಯಲ್ಲಿ ಅವತ್ತು ಏನಾಗುತ್ತಿತ್ತು ಅಂತ ಯಾರೂ ಕೇಳುವುದಿಲ್ಲ. ನಾನು ಕಟ್ಟಿದ ಎಂಜಿನ್ ಕೆಟ್ಟರೆ ಮಾತ್ರ ತಿಂಗಳ ಲೆಕ್ಕ ಕೇಳಬಹುದು. ಮೆಕ್ಯಾನಿಕಲ್ ಲ್ಯಾಬಿನಲ್ಲಿ ನಾನೂ ಇನ್ನೊಬ್ಬಳೂ ಎರಡೇ ಹುಡುಗಿಯರಿದ್ದೆವು. ವೆಲ್ಡಿಂಗ್ ಕಿಡಿ ಬಿದ್ದ ಗುರುತು ಈಗಲೂ ಮಣಿಕಟ್ಟಿನಲ್ಲಿದೆ. ಅಷ್ಟೆಲ್ಲ ಆಗಿ ಬಂದು ನಿಂತದ್ದು ಟಿಕೆಟ್ ಹರಿಯಲಿಕ್ಕಲ್ಲ. ಇವತ್ತು ಎಂಜಿನ್ ಬಿಟ್ಟು ಕೌಂಟರಿಗೆ ಹೋದರೆ ಮತ್ತೆ ಯಾವ ಶೆಡ್ಡಿನಲ್ಲೂ ಯಾರೂ ನನ್ನ ಕೈಗೆ ಎಂಜಿನ್ ಕೊಡುವುದಿಲ್ಲ, ಆ ಮಾತು ನನಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿರುತ್ತದೆ. ಅದು ನನಗೆ ಆ ಕ್ಷಣಕ್ಕೇ ಗೊತ್ತಾಯಿತು.

'ಸಾರ್, ಇವತ್ತೊಂದಿನ ಕೊಡಿ,' ಅಂದೆ. 'ಸಿಗ್ಲಿಲ್ಲ ಅಂದ್ರೆ ನಾಳೆ ನಾನೇ ಪ್ಯಾಕ್ ಮಾಡಿ ಕೊಡ್ತೀನಿ.'

ಅವರು ವಾಚ್ ನೋಡಿಕೊಂಡು ಹ್ಞೂಂ ಅಂದರು. ಅಕ್ಕ ಕಾರಿನ ಗಾಜು ಏರಿಸಿದರು.

ಬೆಂಚಿನ ಮೇಲೆ ಕೂತು ಯೋಚಿಸಿದೆ. ಸಿಟ್ಟು ಬಂದಾಗ ನನ್ನ ತಲೆ ಚೆನ್ನಾಗಿ ಓಡುತ್ತದೆ. ಇದು ಎಲ್ಲರಿಗೂ ಹಾಗಲ್ಲವಂತೆ. ಭಾಗಗಳನ್ನೆಲ್ಲ ನೋಡಿ ಆಗಿತ್ತು. ನೋಡದೆ ಉಳಿದದ್ದು ಒಂದೇ: ನಿಂತು ಹೊರಟ ಕೂಡಲೇ ಯಾಕೆ ಸರಿಹೋಗುತ್ತದೆ? ತಣ್ಣಗಾಗಿ ಸರಿಹೋಯಿತು ಅನ್ನಲು ಅಷ್ಟು ಸಮಯವೇ ಆಗಿರುವುದಿಲ್ಲ. ಹಾಗಾದರೆ ನಿಂತಾಗ ನಾವು ಏನೋ ಮಾಡುತ್ತಿದ್ದೇವೆ. ಏನು ಮಾಡುತ್ತೇವೆ? ಕಾರ್ಟ್ ಬಂದು ನಿಂತ ಚಿತ್ರವನ್ನು ಮನಸ್ಸಿನಲ್ಲೇ ಓಡಿಸಿದೆ. ಹುಡುಗ ಹೆಲ್ಮೆಟ್ ತೆಗೆಯುತ್ತಾನೆ. ನಾನು ಎಂಜಿನ್ ಕಡೆ ಬಗ್ಗುತ್ತೇನೆ. ಅಣ್ಣ ಸ್ಟೀರಿಂಗ್ ಕೆಳಗೆ ಕೈಹಾಕಿ ಟ್ಯಾಂಕಿನ ಮುಚ್ಚಳ ತಿರುಗಿಸಿ ಒಳಗೆ ನೋಡುತ್ತಾರೆ. ಸ್ಕೂಟರ್ ಶೆಡ್ಡಿನ ಅಭ್ಯಾಸ ಅದು. ಯಾವ ಗಾಡಿ ಬಂದು ನಿಂತರೂ ಮೊದಲು ಟ್ಯಾಂಕ್ ತೆರೆದು ಅಲ್ಲಾಡಿಸಿ ಪೆಟ್ರೋಲ್ ಇದೆಯೇ ನೋಡುವುದು.

'ಅಣ್ಣ, ಈ ಸಲ ಬಂದು ನಿಂತಾಗ ಟ್ಯಾಂಕ್ ಮುಟ್ಬೇಡಿ.'

'ಯಾಕೆ, ನನ್ ಕೈಗುಣಾನೂ ಹೋಯ್ತಾ?'

'ನಿಮ್ ಕೈಗುಣ ಚೆನ್ನಾಗಿರೋದ್ರಿಂದ್ಲೇ ತೊಂದ್ರೆ ಆಗಿರೋದು.'

ಕಾರ್ಟ್ ಹೋಯಿತು. ನಿರೀಕ್ಷಿಸಿದ ಸುತ್ತಿಗೆ ಸರಿಯಾಗಿ ಸೋತಿತು. ಬಂದು ನಿಂತಿತು. ಯಾರೂ ಏನೂ ಮುಟ್ಟಲಿಲ್ಲ. 'ಹಾಗೇ ಹೋಗು, ಅರ್ಧ ಸುತ್ತು ಸಾಕು. ಜಾಸ್ತಿ ಒತ್ಬೇಡ,' ಅಂದೆ ಹುಡುಗನಿಗೆ. ಪಿಸ್ಟನ್ ಕಚ್ಚಿಕೊಂಡರೆ ಕೌಂಟರ್ ಕೂಡ ಉಳಿಯುವುದಿಲ್ಲ ಅಂತ ಗೊತ್ತಿದ್ದೇ ಕಳಿಸಿದೆ. ಈ ಸಲ ಅದು ಚೇತರಿಸಿಕೊಳ್ಳಲಿಲ್ಲ. ಕೆಮ್ಮುತ್ತ ಹೋಗಿ ಕೆಮ್ಮುತ್ತ ಬಂತು.

ನಾನೇ ಬಗ್ಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಸುಯ್ ಅಂತ ಗಾಳಿ ಒಳಕ್ಕೆ ನುಗ್ಗಿತು. ಒಳಕ್ಕೆ ಕುಗ್ಗಿದ್ದ ಪ್ಲಾಸ್ಟಿಕ್ ಟ್ಯಾಂಕ್ ಟಪ್ ಅಂತ ಹೊರಗೆ ಉಬ್ಬಿತು.

ವಿಷಯ ಇಷ್ಟೇ. ಟ್ಯಾಂಕಿನಿಂದ ಪೆಟ್ರೋಲು ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಅದಕ್ಕೆ ಮುಚ್ಚಳದ ನಡುವೆ ಸೂಜಿಮೊನೆಯಷ್ಟು ತೂತು ಇರುತ್ತದೆ. ಅದು ಮುಚ್ಚಿದರೆ ಟ್ಯಾಂಕ್ ಒಳಗಿನಿಂದಲೇ ಪೆಟ್ರೋಲನ್ನು ಹಿಡಿದು ಎಳೆಯುತ್ತದೆ, ಎಂಜಿನ್ ಹಸಿದು ಸೊರಗುತ್ತದೆ. ಮುಚ್ಚಳ ತೆರೆದರೆ ಗಾಳಿ ನುಗ್ಗಿ ಮತ್ತೆ ಸರಿ. ಅಣ್ಣ ಪ್ರತಿ ಸಲ ತೆರೆದು ರೋಗವನ್ನು ವಾಸಿಮಾಡುತ್ತಿದ್ದರು, ನಾನು ಪ್ರತಿ ಸಲ ವಾಸಿಯಾದ ಎಂಜಿನ್ನಿನಲ್ಲಿ ರೋಗ ಹುಡುಕುತ್ತಿದ್ದೆ.

ಮುಚ್ಚಳವನ್ನು ಬೆಳಕಿಗೆ ಹಿಡಿದೆ. ಸರಿಯಾಗಿ ನಡುವೆ ಒಂದು ಬೊಟ್ಟು. ಗಂಧ, ಅದರ ಮೇಲೆ ಕುಂಕುಮ, ಒಣಗಿ ಸಿಮೆಂಟಿನಂತೆ ಗಟ್ಟಿಯಾಗಿತ್ತು.

ಅಣ್ಣ ನೋಡಿದರು. 'ಅಯ್ಯೋ ಶಿವನೇ,' ಅಂದರು. ಅಲ್ಲಿ ಕೈಯಿಟ್ಟವರು ಯಾರು ಅಂತ ಇಬ್ಬರಿಗೂ ಗೊತ್ತಿತ್ತು. ಶಟರಿನ ಹತ್ತಿರ ನಿಂತಿದ್ದವಳಂತೂ ಅಲ್ಲ.

ದುಪಟ್ಟಾದ ಪಿನ್ನು ತೆಗೆದು ತೂತು ಬಿಡಿಸಿದೆ. ಹುಡುಗ ಹನ್ನೆರಡು ಸುತ್ತು ಹಾಕಿದ. ಎಂಜಿನ್ ಒಮ್ಮೆಯೂ ಸೋಲಲಿಲ್ಲ. ಪ್ಲಗ್ ಬಿಚ್ಚಿದರೆ ಕಾಫಿಪುಡಿಯ ಬಣ್ಣ.

ಸಂಜೆ ಮಾಲೀಕರಿಗೆ ಮುಚ್ಚಳ ತೋರಿಸಿದೆ, ತೂತಿನ ಸುತ್ತ ಇನ್ನೂ ಕೆಂಪು ಅಂಟಿಕೊಂಡಿತ್ತು. ಅವರು ಜೋರಾಗಿ ನಕ್ಕರು. 'ಇಷ್ಟೇನಾ? ಸದ್ಯ, ಕೊಯಮತ್ತೂರು ತಪ್ತು.' ಆಮೇಲೆ ದನಿ ತಗ್ಗಿಸಿ, 'ಅಕ್ಕಂಗೆ ಹೇಳ್ಬೇಡ. ಮನಸ್ಸಿಗೆ ಹಚ್ಕೋತಾರೆ. ಭಕ್ತಿಯಿಂದ ಮಾಡಿದ್ದು ಪಾಪ.'

'ನಾನೂ ಮನಸ್ಸಿಗೆ ಹಚ್ಕೊಂಡಿದೀನಿ ಸಾರ್.'

'ನೀನು ಓದಿದ ಹುಡುಗಿ. ನಿಂಗೆ ಅರ್ಥ ಆಗತ್ತೆ.'

ನಾನು ಓದಿದ್ದು ಇದಕ್ಕಂತೆ. ಆಕೆಯ ಭಕ್ತಿಗೆ ನೋವಾಗಬಾರದು, ಅದಕ್ಕಾಗಿ ಕೆಟ್ಟ ಕೈ ನನ್ನದಾಗಿಯೇ ಉಳಿಯಬೇಕು. ಬಸ್ಸಿನಲ್ಲಿ ಮನೆಗೆ ಬರುವಾಗ ಎಷ್ಟು ಸಿಟ್ಟಿತ್ತೆಂದರೆ, ಕಂಡಕ್ಟರ್ 'ಒಳಗೆ ಹೋಗಿ ಮೇಡಂ' ಅಂದದ್ದಕ್ಕೆ ಅವನ ಮೇಲೂ ರೇಗಿದೆ.

ರೇಸು ಊರಾಚೆಯ ಇನ್ನೊಂದು ಟ್ರ್ಯಾಕಿನಲ್ಲಿ. ಬೇರೆ ಬೇರೆ ತಂಡಗಳವರು, ಅವರ ಮೆಕ್ಯಾನಿಕ್ಕುಗಳು, ಎಲ್ಲರೂ ಒಂದೇ ಉದ್ದನೆಯ ತಗಡಿನ ಚಪ್ಪರದ ಕೆಳಗೆ. ಕಾರ್ಟ್ ತಳ್ಳಿಕೊಂಡು ಹೋಗಿ ನಿಲ್ಲಿಸಿ, ಸ್ಟಾರ್ಟ್ ಮಾಡಲು ಹಗ್ಗ ಹಿಡಿದೆ. ಮಾಲೀಕರ ಅಕ್ಕ ಗಂಧದ ಬಟ್ಟಲು ಹಿಡಿದು ಬಂದರು. ನನ್ನನ್ನು ನೋಡಿ ತಮ್ಮನ ಕಡೆ ತಿರುಗಿದರು.

'ಇವತ್ತೊಂದಿನ ಆ ಹುಡುಗಿ ಕೈಲಿ ಬೇಡ ಕಣೋ. ಮೆಕ್ಯಾನಿಕ್ ಸ್ಟಾರ್ಟ್ ಮಾಡ್ಲಿ.'

ಮಾಲೀಕರು ನನಗೆ ಕಣ್ಣಲ್ಲೇ ಸನ್ನೆ ಮಾಡಿದರು, ಪಕ್ಕಕ್ಕೆ ಹೋಗು ಅಂತ.

ನಾನು ಹಗ್ಗ ಬಿಡಲಿಲ್ಲ. 'ಸಾರ್, ಇಂಜಿನ್ ಯಾಕೆ ಸೋಲ್ತಿತ್ತು ಅಂತ ಮೇಡಂಗೆ ನೀವು ಹೇಳಿ. ಇಲ್ಲ ನಾನು ಹೇಳ್ತೀನಿ.'

'ಈಗ ಬೇಡಮ್ಮ, ರೇಸಿದೆ.'

'ರೇಸ್ ಇರೋದ್ರಿಂದ್ಲೇ ಈಗ್ಲೇ ಹೇಳಿ. ಅವರ ಕೈಲಿ ಗಂಧ ಇದೆ.'

ಪಕ್ಕದ ತಂಡದವರು ಸ್ಪ್ಯಾನರ್ ನಿಲ್ಲಿಸಿ ನೋಡತೊಡಗಿದರು. ಮಾಲೀಕರ ಕಿವಿ ಕೆಂಪಾಯಿತು. 'ಟ್ಯಾಂಕ್ ಮುಚ್ಚಳದಲ್ಲಿ ಏನೋ ಕಟ್ಕೊಂಡಿತ್ತು ಅಕ್ಕ.'

'ಏನೋ ಅಲ್ಲ ಸಾರ್. ಪೂಜೆಲಿ ಇಟ್ಟ ಗಂಧ.'

'ಹ್ಞೂಂ, ಗಂಧ ಕಟ್ಕೊಂಡಿತ್ತು,' ಅಂದರು. 'ಈ ಹುಡುಗಿ ತಪ್ಪೇನೂ ಇರ್ಲಿಲ್ಲ. ಇವಳೇ ಹುಡುಕಿ ತೆಗೆದಿದ್ದು.'

ಆಕೆ ನನ್ನನ್ನು ನೋಡಿದರು, ಬಟ್ಟಲನ್ನು ನೋಡಿದರು. 'ದೇವರ ಗಂಧದಿಂದ ಯಾರಿಗೂ ಕೆಟ್ಟದಾಗಲ್ಲ,' ಅಂದರು. ತಪ್ಪಾಯಿತು ಅಂತ ಬರಲಿಲ್ಲ. ಆ ಬಾಯಿಗೆ ಅದು ಅಭ್ಯಾಸವಿರಲಿಲ್ಲ ಅಂತ ಕಾಣುತ್ತದೆ. ಸ್ಟೀರಿಂಗಿಗೆ ಮಾತ್ರ ಒಂದು ಬೊಟ್ಟಿಟ್ಟು ಹೋಗಿ ಕುರ್ಚಿಯಲ್ಲಿ ಕೂತರು.

ನಾನು ಹಗ್ಗ ಎಳೆದೆ. ಒಂದೇ ಎಳೆತಕ್ಕೆ ಹಿಡಿಯಿತು. ಹುಡುಗ ಐದನೆಯವನಾಗಿ ಬಂದ. ಎರಡು ತಿರುವಿನಲ್ಲಿ ಅವನೇ ಜಾರಿದ್ದ, ಎಂಜಿನ್ನಿನ ಬಗ್ಗೆ ಯಾರೂ ಒಂದು ಮಾತು ಆಡುವ ಹಾಗಿರಲಿಲ್ಲ. ಪಕ್ಕದ ತಂಡದ ಮುಖ್ಯಸ್ಥರು ಬಂದು ನನ್ನನ್ನೇ ಕೇಳಿದರು, 'ಯಾವ ಜೆಟ್ ಹಾಕಿದೀರಾ ಮೇಡಂ?' ಹೇಳಲಿಲ್ಲ. ಅದನ್ನು ಯಾರಿಗೂ ಹೇಳಬಾರದು ಅನ್ನುವುದು ರೇಸಿನ ಮೊದಲ ಪಾಠ.

ಸೋಮವಾರ ಶೆಡ್ಡಿಗೆ ಹೋದೆ, ಯಾರನ್ನೂ ಕೇಳದೆ ಎಂಜಿನ್ ಬಿಚ್ಚಲು ಕೂತೆ. ಕೌಂಟರಿನ ಮಾತು ಮತ್ತೆ ಯಾರೂ ಎತ್ತಲಿಲ್ಲ. ಅಲ್ಲಿ ಇನ್ನೂ ಎರಡು ವರ್ಷ ಇದ್ದೆ. ಮುಂದಿನ ಆಯುಧಪೂಜೆಗೆ ಆಕೆ ಬರಲಿಲ್ಲ, ಅಣ್ಣನೂ ನಾನೂ ಪೂಜೆ ಮಾಡಿದೆವು. ಆವತ್ತು ನನಗೆ ಮುಟ್ಟಿನ ಎರಡನೇ ದಿನ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಂಜಿನ್ ಚೆನ್ನಾಗಿಯೇ ಓಡಿತು.

ರೇಸಿನ ದಿನ ಮನೆಗೆ ಬಂದು ಎಲ್ಲ ಹೇಳಿದಾಗ ಅಮ್ಮ ಹೊಸೆಯುವುದನ್ನು ನಿಲ್ಲಿಸದೆ ಕೇಳಿದಳು.

'ಹೋಗ್ಲಿ ಬಿಡು,' ಅಂದಳು. 'ಕೆಲ್ಸ ಉಳೀತಲ್ಲ.'

'ಅದೇನು ತಾನಾಗಿ ಉಳೀಲಿಲ್ಲಮ್ಮ.'

ಅಮ್ಮ ತಲೆಯೆತ್ತಿ ನನ್ನ ಮುಖ ನೋಡಿದಳು. ಕೈ ತೊಳೆಯಲು ಎದ್ದಳು. 'ಆಯ್ತು, ಸಿಟ್ಟು ಇರ್ಲಿ,' ಅಂದಳು. 'ಊಟ ಮಾಡ್ಕೊಂಡು ಇಟ್ಕೋ.'